ಅಂಗಾಲಿನ ಬೊಟ್ಟು

ಪುಟ್ಟಬಸಮ್ಮನಿಗೆ ಓದು ಬಂದದ್ದು ಏಳನೆಯ ತರಗತಿಯವರೆಗೆ. ಕೆಲಸ ಬಂದದ್ದು ಅದಕ್ಕೂ ಮೊದಲೇ. ಅವಳ ಅವ್ವ ಬೆಳಗಾಗುವುದರೊಳಗೆ ಊದುಬತ್ತಿ ಹೊಸೆಯುವ ಕಾರ್ಖಾನೆಗೆ ಹೊರಟುಬಿಡುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ಚಿಕ್ಕಚಿಕ್ಕ ತಮ್ಮ ತಂಗಿಯರು ಮತ್ತು ಅವರೆಲ್ಲರಿಗೂ ಹಿರಿಯಳಾದ ಇವಳು. ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ, ನೀರು ಹುಯ್ದು, ಮೈ ಒರೆಸಿ, ತಲೆ ಬಾಚಿ, ಅಂಗಿ ತೊಡಿಸಿ, ಕೊನೆಗೆ ಕಾಡಿಗೆಯ ಡಬ್ಬಿಗೆ ಬೆರಳದ್ದಿ ಕೆನ್ನೆಗೊಂದು ದೃಷ್ಟಿಬೊಟ್ಟು ಇಡುವಳು. ಬೊಟ್ಟು ಬಿದ್ದಿತೆಂದರೆ ಆ ಮಗುವಿನ ಕೆಲಸ ಮುಗಿಯಿತು. ಮಣೆಗೆ ಮುಂದಿನ ಮಗು. ಬೊಟ್ಟಿಗೆ ಮೊದಲು ಎಷ್ಟು ಒರೆಸಿದರೂ ಅವಳಿಗೆ ಸಾಲದು, ಎಷ್ಟು ಬಾಚಿದರೂ ಸಮಾಧಾನವಿಲ್ಲ. ಬೊಟ್ಟಿಟ್ಟ ಮೇಲೆ ಮಗುವಿನ ಮೂಗು ಸೋರಿದರೂ ಅವಳು ತಿರುಗಿ ನೋಡುತ್ತಿರಲಿಲ್ಲ.

ಆ ಮಕ್ಕಳೆಲ್ಲ ದೊಡ್ಡವರಾದರು, ಒಬ್ಬೊಬ್ಬರಾಗಿ ಮದುವೆಯಾದರು. ಪುಟ್ಟಬಸಮ್ಮನ ಮದುವೆಯ ಮಾತು ಬಂದಾಗಲೆಲ್ಲ ಯಾರೋ ಒಬ್ಬರಿಗೆ ಇನ್ನೂ ಅಂಗಿ ತೊಡಿಸುವುದು ಬಾಕಿಯಿರುತ್ತಿತ್ತು. ಹಾಗೆಯೇ ಆ ಮಾತು ಬರುವುದು ನಿಂತುಹೋಯಿತು. ಅದಕ್ಕಾಗಿ ಅವಳು ಯಾರನ್ನೂ ದೂರಿದವಳಲ್ಲ. ವಿದ್ಯುತ್ ಮೀಟರಿನ ಹಲ್ಲುಚಕ್ರ ಉಜ್ಜುವ ಒಂದು ಸಣ್ಣ ಕಾರ್ಖಾನೆಯಲ್ಲಿ ಬಹಳ ಕಾಲ ದುಡಿದಳು. ಅದು ಮುಚ್ಚಿದ ಮೇಲೆ ಕನ್ನಡಕದ ಅಂಗಡಿಯೊಂದರ ಹಿಂಭಾಗದಲ್ಲಿ ಕೂತು ಚೌಕಟ್ಟುಗಳಿಗೆ ಹೊಳಪು ಕೊಟ್ಟಳು. ಗಗನ ಅವಳನ್ನು ಕಂಡದ್ದು ಅಲ್ಲಿಯೇ.

ಗಗನ ಟಿ. ನರಸೀಪುರದ ಕಡೆಯ ಒಕ್ಕಲು ಮನೆತನದ ಹುಡುಗಿ. ಇಂಜಿನಿಯರಿಂಗ್ ಓದಿ, ವಿಜಯನಗರ ಬಡಾವಣೆಯಲ್ಲಿ ಒಂದು ಮನೆಯ ಕೆಳ ಅಂತಸ್ತನ್ನು ಬಾಡಿಗೆಗೆ ಹಿಡಿದು, ಕೈಗಡಿಯಾರ ಮಾಡಲು ತೊಡಗಿದ್ದಳು. ಅವು ಅಂಗಡಿಯಲ್ಲಿ ಸಾಲಾಗಿ ತೂಗುವ ಗಡಿಯಾರಗಳಲ್ಲ. ವಿಶೇಷ ಆವೃತ್ತಿಯೆಂದು ಮೂವತ್ತು ಮಾಡಿ, ಮತ್ತೆಂದೂ ಅಂಥದನ್ನು ಮಾಡುವುದಿಲ್ಲವೆಂದು ಮಾತು ಕೊಟ್ಟು, ಮೊದಲೇ ಹೆಸರು ಬರೆಸಿದವರಿಗಷ್ಟೇ ಕೊಡುವಂಥವು. ಅವನ್ನು ಕೊಳ್ಳುವವರು ಹೊತ್ತು ನೋಡಲೆಂದು ಕೊಳ್ಳುವವರಲ್ಲ. ಹೊತ್ತು ನೋಡಲು ಅವರ ಜೇಬಿನಲ್ಲಿ ಫೋನಿದೆ. ಅವರು ಗಡಿಯಾರವನ್ನು ಬೋರಲು ಹಾಕಿ, ಬೆನ್ನಿನ ಗಾಜಿನ ಮೂಲಕ ಅದರ ಹೊಟ್ಟೆಯೊಳಗನ್ನು ನೋಡುವ ಜನ.

ಹಾಗೆ ನೋಡುವವರ ಕಣ್ಣು ಮೊದಲು ಬೀಳುವುದು ಬ್ರಿಡ್ಜಿನ ಮೇಲೆ. ಒಳಗಿನ ಚಕ್ರಗಳನ್ನು ಮೇಲಿನಿಂದ ಅದುಮಿ ಹಿಡಿದುಕೊಂಡಿರುವ ಹಿತ್ತಾಳೆಯ ಪುಟ್ಟ ತಟ್ಟೆಗೆ ಆ ಹೆಸರು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರ ಅಂಚನ್ನು ಓರೆಯಾಗಿ ತೀಡಿ, ಆ ಓರೆಯನ್ನು ಕನ್ನಡಿಯಾಗುವವರೆಗೆ ಉಜ್ಜಬೇಕು. ಎರಡು ಓರೆಗಳು ಒಳಮುಖವಾಗಿ ಕೂಡುವ ಮೂಲೆಯಂತೂ ಕೂದಲೆಳೆಯಷ್ಟು ಚೂಪಾದ ಗೆರೆಯಾಗಿ ನಿಲ್ಲಬೇಕು. ಆ ಒಳಮೂಲೆ ಯಂತ್ರದಿಂದ ಬಾರದು, ಕೈಯಿಂದಲೇ ಬರಬೇಕು. ಒಂದು ಉಜ್ಜು ಕಡಿಮೆಯಾದರೆ ಮಂಕು; ಒಂದು ಹೆಚ್ಚಾದರೆ ಗೆರೆ ಕರಗಿ ಮೂಲೆ ದುಂಡಗಾಗಿ ತಟ್ಟೆ ಕೆಟ್ಟಿತು.

ಪುಟ್ಟಬಸಮ್ಮನ ಕೆಲಸ ಇದೇ. ತಟ್ಟೆಯನ್ನು ಒಂದು ಮರದ ತುಂಡಿನ ಮೇಲೆ ಅರಗಿನಿಂದ ಕೂರಿಸುವಳು. ಆ ಮರದ ತುಂಡಿಗೆ ಅವಳಿಟ್ಟ ಹೆಸರು ಮಣೆ. ಸಣ್ಣದನ್ನು ದೊಡ್ಡದಾಗಿ ತೋರಿಸುವ ಐಗ್ಲಾಸನ್ನು ಕಣ್ಣಿಗೆ ಕಚ್ಚಿಸಿಕೊಂಡು, ಮೊದಲು ಸಣ್ಣ ಅರ, ಆಮೇಲೆ ಬಿದಿರು ಕಡ್ಡಿ, ಕೊನೆಗೆ ಬಾಸಿಂಗ ಕಟ್ಟುವವರಿಂದ ಬೇಡಿ ತಂದ ಬೆಂಡಿನ ಚೂರು. ಅದರ ತುದಿಗೆ ವಜ್ರದ ಪುಡಿ ಕಲಸಿದ ಪೇಸ್ಟು ಹಚ್ಚಿ ತೀಡುವಳು. ಹಗಲೆಲ್ಲ ಕೂತರೆ ಒಂದು ತಟ್ಟೆಯ ಒಂದು ಬದಿ ಆಗುತ್ತಿತ್ತು. ಈ ಕೆಲಸದಲ್ಲಿ ಅವಳಿಗೆ ಕಷ್ಟವೆನಿಸಿದ್ದು ಉಜ್ಜುವುದಲ್ಲ, ನಿಲ್ಲಿಸುವುದು. ಇನ್ನೊಂದು ಸಲ ತೀಡಿದರೆ ಇನ್ನೂ ಹೊಳೆದೀತು ಎಂದು ಕೈ ಹೇಳುತ್ತಲೇ ಇರುತ್ತಿತ್ತು. ಅದಕ್ಕೆ ಅವಳು ತನ್ನದೇ ಒಂದು ಉಪಾಯ ಕಂಡುಕೊಂಡಿದ್ದಳು. ಉಪಾಯವೆಂದು ಅವಳು ಎಂದೂ ಯೋಚಿಸಿರಲಿಲ್ಲ, ಅಷ್ಟೇ.

ಗಡಿಯಾರಗಳಲ್ಲಿ ಅರ್ಧದಷ್ಟು ಕೊಂಡವರ ಕೈ ಸೇರಿದ್ದವು. ಉಳಿದವನ್ನು ದಸರೆಯೊಳಗೆ ಮುಗಿಸಬೇಕಿತ್ತು. ಆಗ ಬಂದಿತು ಡಾಕ್ಟರ್ ಮಹೇಂದ್ರರ ಸಂದೇಶ.

ಮಹೇಂದ್ರ ಅದೇ ಬಡಾವಣೆಯಲ್ಲಿ ಹೆಸರಾದ ಹಲ್ಲಿನ ಡಾಕ್ಟರು. ಗಡಿಯಾರ ಕೂಡಿಡುವುದು ಅವರ ಹವ್ಯಾಸ. ಗಾಜಿನ ಮೂಲಕ ನೋಡಿ ಅವರಿಗೆ ತೃಪ್ತಿಯಾಗಲಿಲ್ಲ. ತಾವೇ ಗಡಿಯಾರವನ್ನು ಬಿಚ್ಚಿ, ಬ್ರಿಡ್ಜನ್ನು ಮಗುಚಿ, ರೋಗಿಗಳ ದವಡೆಯೊಳಗೆ ಇಳಿಸುವ ಕ್ಯಾಮರಾದಿಂದಲೇ ಅದರ ಅಡಿಭಾಗದ ಪಟ ತೆಗೆದಿದ್ದರು. ಆ ಪಟವನ್ನು ಗಡಿಯಾರ ಪ್ರಿಯರ ಗುಂಪಿಗೂ ಕಳಿಸಿದ್ದರು. ಗಗನ ಫೋನು ಹಿಡಿದುಕೊಂಡು ಪುಟ್ಟಬಸಮ್ಮನ ಮೇಜಿನ ಬಳಿಗೆ ಬಂದಳು.

"ಬಸಮ್ಮಕ್ಕ, ಕೇಳಿ. 'ಕಾಣದ ಕಡೆಯೂ ಕಾಣುವ ಕಡೆಯಷ್ಟೇ ನಯ ಎಂದು ಗಡಿಯಾರದ ಜೊತೆ ಕೊಟ್ಟ ಪುಸ್ತಕದಲ್ಲಿ ನೀವು ಅಚ್ಚು ಹಾಕಿಸಿದ್ದೀರಿ. ಕಾಣದ ಕಡೆ ಒಂದು ಗುಂಡಿ ಇದೆ. ನನ್ನ ವೃತ್ತಿಯಲ್ಲಿ ಇದನ್ನು ಹುಳುಕು ಎನ್ನುತ್ತೇವೆ.' ಹಿಂಗ್ ಬರ್ದಿದ್ದಾರೆ. ಇದು ಹಿತ್ತಾಳೇಲೇ ಇದ್ದ ಗುಂಡಿನಾ? ತಗಡು ಕೊಟ್ಟವರನ್ನ ಕೇಳ್ಬೇಕು ನಾನು."

ಪುಟ್ಟಬಸಮ್ಮ ಪರದೆಯ ಮೇಲಿನ ಪಟ ನೋಡಿದಳು. ಎಳ್ಳಿನ ತುದಿಯಷ್ಟಿದ್ದ ಚುಕ್ಕೆ ಅಲ್ಲಿ ಬಾವಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು.

"ಅವ್ರನ್ಯಾಕವ್ವ ಕೇಳೀಯ? ಅದು ನಾನಿಟ್ಟಿದ್ದು."

"ಏನಿಟ್ಟಿದ್ದು?"

"ಬೊಟ್ಟು."

ಗಗನಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು.

"ಎಷ್ಟಕ್ಕೆ ಇಟ್ಟಿದ್ದೀರಿ?"

"ಎಲ್ಲಕ್ಕೂ. ಒಂದಕ್ಕಿಟ್ಟು ಇನ್ನೊಂದಕ್ಕೆ ಬುಡಕ್ಕಾಯ್ತದಾ? ಸೂಜಿ ಮೊನೇಲಿ ಹಿಂಗಂದ್ರೆ ಆಯ್ತು."

"ಕೆನ್ನೆ ಮೇಲಿಟ್ಟಿದ್ರೆ ನಾನಾದ್ರೂ ನೋಡ್ತಿದ್ನಲ್ಲಕ್ಕ."

"ಕೆನ್ನೆ ಮೇಲಿಟ್ರೆ ಅಂದ ಕೆಡ್ತದಲ್ಲ ಅಂತ ಅಂಗಾಲಿಗಿಟ್ಟೆ ಕಣವ್ವ. ಕೂಸುಗಳಿಗೆ ಇಡಕಿಲ್ವಾ ಅಂಗಾಲಿಗೆ? ಹಂಗೆ."

ಗಗನ ಗದರಲಿಲ್ಲ. ಗದರಿದ್ದರೆ ಪುಟ್ಟಬಸಮ್ಮನಿಗೆ ಹಗುರಾಗುತ್ತಿತ್ತು. ಆ ಹುಡುಗಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು ಮೆಲ್ಲಗೆ ಹೇಳಿದಳು: "ಡಾಕ್ಟರು ತಾವೇ ಬಿಚ್ಚಿದ್ದು ತಪ್ಪು ಅಂತ ನಾನು ಜಗಳ ಆಡ್ಬಹುದು ಅಕ್ಕ. ಆದ್ರೆ ಕಾಣದ ಕಡೇನೂ ಅಂತ ಬರ್ಸಿದ್ದು ನಾನೇ. ಅವರು ಅದನ್ನ ನಂಬಿ ತಗೊಂಡ್ರು. ಕೇಳಿದವ್ರಿಗೆಲ್ಲ ಹೊಸ ಬ್ರಿಡ್ಜು ಹಾಕ್ಕೊಡೋಣ. ಇನ್ನು ಮೇಲೆ ಬೊಟ್ಟು ಬೇಡ."

"ಬುಡವ್ವ, ಇಡಕಿಲ್ಲ," ಎಂದಳು ಪುಟ್ಟಬಸಮ್ಮ. ಅದರಲ್ಲಿ ಅವಳಿಗೆ ಮುನಿಸಿರಲಿಲ್ಲ. ಮಾತು ಕೊಟ್ಟ ಮೇಲೆ ಮಾತು. ಅಷ್ಟು ಅವಳಿಗೂ ಗೊತ್ತಿತ್ತು.

ಆದರೆ ಮರುದಿನದಿಂದ ಕೈ ನಿಲ್ಲದಾಯಿತು.

ಮೊದಲನೆಯ ತಟ್ಟೆಯ ಒಳಮೂಲೆ ಗೆರೆಗೆ ಬಂದಿತ್ತು. ಹಿಂದಾಗಿದ್ದರೆ ತಟ್ಟೆಯನ್ನು ಮಣೆಯಿಂದ ಇಳಿಸಿ, ಮಗುಚಿ, ಸೂಜಿಯ ಮೊನೆಯಿಂದ ಬೊಟ್ಟಿಟ್ಟು ಮುಗಿಸುತ್ತಿದ್ದಳು. ಈಗ ಮಗುಚಿದಳು, ಸೂಜಿಯ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದಳು. ಏನೋ ಬಾಕಿಯಿದೆ ಎನಿಸಿತು. ಮತ್ತೆ ಕೂರಿಸಿ ಬೆಂಡಿನಿಂದ ಒಂದು ಸಲ ತೀಡಿದಳು. ಆಗಲೂ ಬಾಕಿಯೆನಿಸಿತು, ಇನ್ನೊಂದು ಸಲ ತೀಡಿದಳು. ಸಂಜೆ ಐಗ್ಲಾಸಿನಲ್ಲಿ ನೋಡಿದಾಗ ಗೆರೆ ಕರಗಿ, ಮೂಲೆ ಚಮಚದ ಬಾಯಿಯಂತೆ ದುಂಡಗಾಗಿತ್ತು. ಆ ತಟ್ಟೆ ಹೋಯಿತು. ಎರಡನೆಯದಕ್ಕೆ ಹೆದರಿ ಬೇಗನೆ ಕೈ ತೆಗೆದಳು. ಅದು ಮಂಕಾಗಿಯೇ ಉಳಿಯಿತು. ಅದನ್ನು ಸರಿಮಾಡಲು ಹೋಗಿ ಅದನ್ನೂ ಕಳೆದಳು. ಮೂರನೆಯದನ್ನು ಅರ್ಧಕ್ಕೆ ಬಿಟ್ಟು, ಬೆಂಡನ್ನು ಕೆಳಗಿಟ್ಟು ಎದ್ದಳು.

ಗಗನ ಕೆಟ್ಟ ತಟ್ಟೆಗಳನ್ನು ನೋಡಿದಳು, ಅವಳ ಮುಖವನ್ನೂ ನೋಡಿದಳು. "ಒಳಮೂಲೆ ಇಲ್ಲದ ಬ್ರಿಡ್ಜಿನ ನಕ್ಷೇನೇ ಬರ್ಕೋತೀನಿ ಅಕ್ಕ, ಮುಂದಿನ ಸಲಕ್ಕೆ. ಯಂತ್ರದಲ್ಲೇ ಆಗೋಗುತ್ತೆ. ನಿಮಗೂ ಹಗುರ," ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಒಳಮೂಲೆ ಇಲ್ಲದ ಕಡೆ ತನಗೇನು ಕೆಲಸವೆಂದು ಪುಟ್ಟಬಸಮ್ಮ ಬಸ್ಸಿನಲ್ಲಿ ಕೂತು ಯೋಚಿಸಿದಳು. ಅರವತ್ತು ದಾಟಿದ ಕೈ. ಒಂದಲ್ಲ ಒಂದು ದಿನ ಹೋಗಲೇಬೇಕಿತ್ತು, ಈಗ ಹೋಯಿತು. ಪಾಪ, ಆ ಹುಡುಗಿಯ ದಸರೆಯ ಗಡಿಯಾರಗಳನ್ನು ಹಾಳುಮಾಡುವ ಮೊದಲು ತಾನೇ ಎದ್ದುಬಿಡುವುದು ಮರ್ಯಾದೆ. ಸೋಮವಾರ ಹೋಗಿ ಹೇಳಿಬಿಡುವುದೆಂದು ನಿಶ್ಚಯಿಸಿದಳು.

ಭಾನುವಾರ ತಮ್ಮ ಪ್ರಭುಸ್ವಾಮಿ ಊಟಕ್ಕೆ ಬಂದ. ಅವನಿಗೆ ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿಯ ಅಂಗಡಿ. ಎಷ್ಟು ತೊಳೆದರೂ ಅವನ ಉಗುರಿನ ಸಂದಿಯ ಕರಿ ಹೋಗುವುದಿಲ್ಲ. ಬಾಗಿಲಲ್ಲಿಯೇ ಪುಟ್ಟಬಸಮ್ಮ ಸೋಪು ಕೊಟ್ಟು ನಲ್ಲಿಯ ಕಡೆ ಕಳಿಸುವುದು ವಾಡಿಕೆ. ಆವತ್ತು ಅವಳು ಸೋಪು ಕೊಡುವುದನ್ನು ಮರೆತಳು.

"ಏನಕ್ಕ, ಮಕ ಪಂಚರ್ ಆಗದಲ್ಲ?" ಎಂದ ಪ್ರಭುಸ್ವಾಮಿ.

"ಕೂತ್ಕೋ. ರೊಟ್ಟಿ ಹಾಕ್ತೀನಿ."

ಅಕ್ಕಿರೊಟ್ಟಿ ತಟ್ಟುತ್ತ, ಹುರುಳಿಕಾಯಿ ಪಲ್ಯ ಬಡಿಸುತ್ತ, ಎಲ್ಲವನ್ನೂ ಹೇಳಿದಳು: ಡಾಕ್ಟರ ಕ್ಯಾಮರಾ, ಬೊಟ್ಟು, ಕರಗಿದ ಮೂಲೆ, ಸೋಮವಾರದ ನಿಶ್ಚಯ. ಪ್ರಭುಸ್ವಾಮಿ ಕ್ಯಾಮರಾದವರೆಗೆ ಗಂಭೀರವಾಗಿ ಕೇಳಿದ. ಬೊಟ್ಟಿನ ಮಾತು ಬಂದೊಡನೆ ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಗತೊಡಗಿದ.

"ಗಡಿಯಾರಕ್ಕೂ ಇಟ್ಬುಟ್ಯಾ? ಅಯ್ಯೋ ಶಿವನೇ. ನನ್ನ ಕೆನ್ನೆಗೆ ಇಡ್ತಿದ್ದೆಯಲ್ಲ ಮೂರುಕಾಸಿನಗಲ, ಅದ್ ಸಾಲ್ದೇನಕ್ಕ? ಆ ಬೊಟ್ಟಿಗೆ ದೃಷ್ಟಿ ಓಡೋಯ್ತೋ ಇಲ್ವೋ ಗೊತ್ತಿಲ್ಲ, ಇಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ."

"ನಿನ್ನ ಪಕ್ಕ ಕೂರ್ದೆ ಇದ್ದಿದ್ದು ಬೊಟ್ಟಿಗಲ್ಲ ಕಣೋ, ಕಜ್ಜಿಗೆ."

"ಅದ್ ಹೇಳು ಮತ್ತೆ. ಕಜ್ಜಿ ಆದಾಗ ಮೈಯೆಲ್ಲ ಬೇವಿನೆಣ್ಣೆ. ಮಕದ ಮೇಲೆ ಬೆರಳಿಡಕ್ಕೆ ಜಾಗ ಇಲ್ಲ. ಆದ್ರೂ ನೀನು ಬುಡ್ಲಿಲ್ಲ. ಬೊಟ್ಟು ಇಡದೆ ನನ್ನ ಏಳಕ್ಕೇ ಬುಡ್ಲಿಲ್ಲ ನೀನು. ಎಲ್ಲಿಟ್ಟೆ ನೆಪ್ಪದಾ?"

ಪುಟ್ಟಬಸಮ್ಮ ಕಾವಲಿಯ ಮೇಲಿನ ರೊಟ್ಟಿಯನ್ನು ಮಗುಚಲು ಹೋದವಳು ನಿಂತಳು.

"ಮಣೆಗೆ ಇಟ್ಟೆ," ಎಂದ ಪ್ರಭುಸ್ವಾಮಿ. "ಮಣೆ ಮೂಲೆಗೆ ಕಾಡಿಗೆ ಒತ್ತಿ, ಎದ್ದೇಳು ಆಯ್ತು ಅಂದೆ. ಹಿಂದ್ಗಡೆ ಚಿಕ್ಕವಳು ಬಂದು ಅದ್ರ ಮ್ಯಾಲೆ ಕೂತು, ಲಂಗ ಎಲ್ಲ ಮಸಿ. ಅವ್ವ ಸಂಜೆ ನಿಂಗೆ ಎಂಗೆ ಬೈದ್ಲು. ಅಕ್ಕ, ರೊಟ್ಟಿ ಸೀಯ್ತಾ ಅದೆ."

ರೊಟ್ಟಿ ಸೀದೇಹೋಗಿತ್ತು. ಪ್ರಭುಸ್ವಾಮಿ ಅದನ್ನೂ ತಿಂದ. ಹೋಗುವಾಗ ಸ್ಕೂಟರ್ ಮೇಲೆ ಕೂತು, "ನಾಳೆ ಬುಟ್ಬುಡ್ತೀನಿ ಅಂದ್ಯಲ್ಲ, ಬುಡ್ತೀಯ?" ಎಂದು ಕೇಳಿದ. ಪುಟ್ಟಬಸಮ್ಮ, "ನೀನು ಮೊದ್ಲು ಉಗುರು ತೊಳ್ಕೊ ಹೋಗು," ಎಂದಳು.

ಸೋಮವಾರ ಅವಳು ಏನನ್ನೂ ಹೇಳಲಿಲ್ಲ. ಬಂದವಳೇ ಐಗ್ಲಾಸು ಏರಿಸಿ, ಅರ್ಧಕ್ಕೆ ಬಿಟ್ಟಿದ್ದ ಮೂರನೆಯ ತಟ್ಟೆಯನ್ನು ಮಣೆಯ ಮೇಲೆ ಕೂರಿಸಿಕೊಂಡಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿಗೆ ಇಳಿಯುವ ಹೊತ್ತಿಗೆ ಒಳಮೂಲೆ ಗೆರೆಗೆ ಬಂದಿತು. ಕೈ ಇನ್ನೊಂದು ಸಲ ತೀಡಲು ಮುಂದಾಯಿತು. ಪುಟ್ಟಬಸಮ್ಮ ಬೆಂಡನ್ನು ಕೆಳಗಿಟ್ಟು, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲು ತೆಗೆದು, ತಟ್ಟೆಯ ಪಕ್ಕಕ್ಕೆ, ಮಣೆಯ ಮರದ ಮೇಲೆ ಒಂದು ಚುಕ್ಕೆ ಒತ್ತಿದಳು. ಒತ್ತಿ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು, ಅದು ಮತ್ತೆ ಏಳುತ್ತದೆಯೋ ಎಂದು. ಕೈ ಏಳಲಿಲ್ಲ. ಊಟದ ಡಬ್ಬಿಯ ಕಡೆಗೆ ಹೋಯಿತು.

ಗಗನ ಆ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೇಲೆ ನೋಡಿದಳು, ಮಗುಚಿ ಕೆಳಗೆ ನೋಡಿದಳು.

"ಬೊಟ್ಟಿಲ್ಲ."

"ಇಲ್ಲ."

"ಮೂಲೆ ನಿಂತಿದೆ."

"ಹೂಂ, ನಿಂತದೆ."

"ಮತ್ತೆ ಹೆಂಗಕ್ಕ?"

ಪುಟ್ಟಬಸಮ್ಮ ಅನ್ನ ಕಲಸುತ್ತಲೇ ಮೊಣಕೈಯಿಂದ ಮಣೆಯನ್ನು ಅವಳ ಕಡೆ ಸರಿಸಿದಳು. ಗಗನ ಆ ಚುಕ್ಕೆಯನ್ನು ಕಂಡು, ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಒಳಮೂಲೆ ಇಲ್ಲದ ಬ್ರಿಡ್ಜಿನ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಮಣೆಯ ಮೇಲೆ ಚುಕ್ಕೆಗಳು ಹೆಚ್ಚುತ್ತ ಹೋದವು. ಡಾಕ್ಟರ್ ಮಹೇಂದ್ರರಿಗೆ ಕೊಡಬೇಕಾದ ಹೊಸ ಬ್ರಿಡ್ಜೂ ಆ ಮಣೆಯ ಮೇಲೆಯೇ ಕೂತು ಎದ್ದಿತು. ಗಡಿಯಾರ ಒಯ್ಯಲು ಅವರು ತಾವೇ ಬಂದರು. ಬಿಳಿ ಕೂದಲು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ತಮ್ಮದೇ ಭೂತಗನ್ನಡಿ. ಗಗನ ಬ್ರಿಡ್ಜನ್ನು ಕೂರಿಸುವ ಮೊದಲು ಅವರ ಕೈಗೆ ಕೊಟ್ಟಳು. ಅವರು ಕಿಟಕಿಯ ಬಳಿ ನಿಂತು ಅದನ್ನು ರೋಗಿಯ ಹಲ್ಲಿನಂತೆ ಎಲ್ಲ ಮಗ್ಗುಲಿಂದಲೂ ಪರೀಕ್ಷಿಸಿದರು.

"ಏನೂ ಇಲ್ಲ," ಎಂದರು. ಆ ಮಾತಿನಲ್ಲಿ ಸಂತೋಷವಿತ್ತು. ಹುಡುಕುವುದಕ್ಕೆ ಇನ್ನೇನೂ ಉಳಿಯಲಿಲ್ಲವಲ್ಲ ಎಂಬ ಸಣ್ಣ ನಿರಾಸೆಯೂ ಇತ್ತು. "ಹಿಂದಿನದರಲ್ಲಿ ಆ ಗುಂಡಿ ಹೇಗೆ ಬಂತು, ಗೊತ್ತಾಯಿತಾ?"

ಪುಟ್ಟಬಸಮ್ಮ ಕುಳಿತಲ್ಲಿಂದಲೇ ಹೇಳಿದಳು: "ನಾನೇ ಇಟ್ಟಿದ್ದೆ ಬುದ್ಧಿ. ದೃಷ್ಟಿಬೊಟ್ಟು. ನೀವು ಬ್ಯಾಡ ಅಂದ್ರಿ, ಈಗ ಇಡ್ತಾ ಇಲ್ಲ."

"ದೃಷ್ಟಿಬೊಟ್ಟಾ? ಅಡಿಯಲ್ಲಾ?"

"ಅಂಗಾಲಲ್ಲಿ."

ಡಾಕ್ಟರು ಕೈಯಲ್ಲಿದ್ದ ತಟ್ಟೆಯನ್ನು ನೋಡಿದರು. ಅಂಗಾಲು ಎಂಬ ಮಾತು ಅವರನ್ನು ಎಲ್ಲಿಗೋ ಕರೆದೊಯ್ದಿತ್ತು. "ನಮ್ಮ ಅಕ್ಷತಾ ಚಿಕ್ಕವಳಿದ್ದಾಗ ನಮ್ಮ ಮನೆಯವಳೂ ಹಾಗೇ ಇಡ್ತಿದ್ದಳು. ಕೆನ್ನೆಗಿಟ್ಟರೆ ಫೋಟೋದಲ್ಲಿ ಬರುತ್ತೆ ಅಂತ ನಾನೇ ಗಲಾಟೆ ಮಾಡಿದ್ದೆ, ಅದಕ್ಕೆ," ಎಂದರು. ತಟ್ಟೆಯನ್ನು ಮತ್ತೆ ಮಗುಚಿ, "ಅಂದರೆ ನಾನು ಕೂಸಿನ ಅಂಗಾಲು ಎತ್ತಿ ಹಿಡಿದು, ಹುಳುಕು ಹುಳುಕು ಅಂತ ಊರಿಗೆಲ್ಲ ತೋರಿಸಿಬಿಟ್ಟೆ," ಎಂದರು.

"ನಿಮ್ದೇನೂ ತಪ್ಪಿಲ್ಲ ಬುದ್ಧಿ. ಹಲ್ಲಿನೋರಿಗೆ ಕರಿ ಚುಕ್ಕೆ ಕಂಡ್ರೆ ಮತ್ತೇನ್ ತೋಚ್ತದೆ?"

ಅವರು ಗಟ್ಟಿಯಾಗಿ ನಕ್ಕರು. ಹಳೆಯ ಬ್ರಿಡ್ಜೇ ಇರಲಿ, ಹೊಸದು ಬೇಡವೆಂದು ಅವರು ಹೇಳಬಹುದೆಂದು ಗಗನ ಕಾದಳು. ಅವರು ಹಾಗೇನೂ ಹೇಳಲಿಲ್ಲ. ಕೂಡಿಡುವವರ ಕಣ್ಣು ಅಷ್ಟು ಸುಲಭವಾಗಿ ಸೋಲುವಂಥದಲ್ಲ. "ಹೊಸದನ್ನೇ ಹಾಕಿ," ಎಂದರು. ಹಾಕಿಯಾದ ಮೇಲೆ, ಮೇಜಿನ ಮೇಲಿದ್ದ ಚುಕ್ಕೆಚುಕ್ಕೆಯ ಮರದ ತುಂಡನ್ನು ಕಂಡು ಅದೇನೆಂದು ಕೇಳಿ ತಿಳಿದುಕೊಂಡರು. ಬಗ್ಗಿ, ಭೂತಗನ್ನಡಿ ಹಿಡಿದು, ಒಂದೊಂದೇ ಚುಕ್ಕೆಯನ್ನು ನೋಡಿದರು.

"ಇದರಲ್ಲಿ ನನ್ನದು ಯಾವುದಮ್ಮಾ?"

ಪುಟ್ಟಬಸಮ್ಮನೂ ಬಗ್ಗಿ ನೋಡಿದಳು. ನಿಜವಾಗಿಯೂ ಹುಡುಕಿದಳು.

"ಗೊತ್ತಾಗ್ತಾ ಇಲ್ಲ. ಮಕ್ಕಳು ಜಾಸ್ತಿ ಇರೋ ಮನೆ ಬುದ್ಧಿ ಇದು. ಆದ್ರೆ ಇಟ್ಟಿದ್ದೀನಿ, ಅದಂತೂ ದಿಟ."

ಅಷ್ಟು ಸಾಕೆಂಬಂತೆ ಡಾಕ್ಟರು ಗಡಿಯಾರ ಕಟ್ಟಿಕೊಂಡು ಹೊರಟರು. ಗೇಟಿನ ಬಳಿ ಅವರು ಅದನ್ನು ಬಿಚ್ಚಿ ಬೋರಲು ಮಾಡಿ ಒಮ್ಮೆ ನೋಡಿ, ಮತ್ತೆ ಕಟ್ಟಿಕೊಂಡದ್ದು ಕಿಟಕಿಯಿಂದ ಕಾಣಿಸಿತು.

ಆಯುಧಪೂಜೆಯ ಹಿಂದಿನ ದಿನ ಕೊನೆಯ ಬ್ರಿಡ್ಜು ಮಣೆಯಿಂದ ಇಳಿಯಿತು. ಗಗನ ಅರ, ಕಡ್ಡಿ, ಐಗ್ಲಾಸುಗಳನ್ನೆಲ್ಲ ಒರೆಸಿ ಪೂಜೆಗೆ ಸಾಲಾಗಿ ಜೋಡಿಸಿದಳು. ಮಣೆಯನ್ನು ನಡುವೆ ಇಟ್ಟಳು. ಇಟ್ಟವಳಿಗೆ ಅದು ಬಹಳ ಚೆನ್ನಾಗಿ ಕಂಡಿತು, ಫೋನು ತೆಗೆದಳು.

"ಬಸಮ್ಮಕ್ಕ, ಇದರ ಫೋಟೋ ಒಂದು ತೆಗೀತೀನಿ. ಮುಂದಿನ ಆವೃತ್ತಿಯ ಪುಸ್ತಕದಲ್ಲಿ ಮೊದಲನೇ ಪುಟಕ್ಕೆ ಹಾಕೋಣ. ಎಲ್ಲರೂ ಇದನ್ನೇ ಕೇಳ್ತಾರೆ ನೋಡಿ ಆಮೇಲೆ."

"ಅದ್ಕೇ ಬ್ಯಾಡ ಕಣವ್ವ," ಎಂದಳು ಪುಟ್ಟಬಸಮ್ಮ. "ಎಲ್ಲಾರೂ ನೋಡ್ಲಿ ಅಂತ ಇಟ್ರೆ ಅದು ಬೊಟ್ಟಾಯ್ತದಾ?" ಎಂದು ಮಣೆಯನ್ನು ಮೆಲ್ಲಗೆ ಎತ್ತಿ ಬೋರಲು ಹಾಕಿದಳು.

ಗಗನ ಫೋನನ್ನು ಒಳಗಿಟ್ಟು, ಬೋರಲು ಬಿದ್ದ ಮಣೆಯ ಬೆನ್ನಿಗೆ ವಿಭೂತಿ ಹಚ್ಚಿ, ಒಂದು ಸೇವಂತಿಗೆ ಹೂವಿಟ್ಟಳು. ಪೂಜೆ ಮುಗಿದು ಹಬ್ಬದ ರಜೆ ಕಳೆದ ಮೇಲೆ ಪುಟ್ಟಬಸಮ್ಮ ಬಂದು ಅದನ್ನು ಮತ್ತೆ ಮಗುಚಿದಳು. ಚುಕ್ಕೆಗಳು ಹಾಗೆಯೇ ಇದ್ದವು. ಇನ್ನಷ್ಟಕ್ಕೆ ಜಾಗವೂ ಇತ್ತು. ಹೊಸ ತಟ್ಟೆಯೊಂದನ್ನು ಅದರ ಮೇಲೆ ಕೂರಿಸಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು.